ಎದುರಿಗೆ ಓದುತ್ತಿದ್ದ ನರ್ಸಮ್ಮ

ಹೋದ ತಿಂಗಳು ಹೊಸದುರ್ಗದಲ್ಲಿ ನರ್ಸಮ್ಮನ ತಿಥಿ ಊಟಕ್ಕೆ ಹೋಗಿದ್ದೆ. ಊಟಕ್ಕೆ ಮುಂಚೆ ಮೈಕು ಹಿಡಿದು ಮೂರು ಜನ ಮಾತಾಡಿದರು. ಒಬ್ಬರು ಮೃದುಭಾಷಿ ಎಂದರು. ಇನ್ನೊಬ್ಬರು ಸಹನಾಮೂರ್ತಿ ಎಂದರು. ಮೂರನೆಯವರು ಎದ್ದು, ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ ಎಂದಾಗ ಪಕ್ಕದಲ್ಲಿ ಕುಳಿತಿದ್ದ ಹಳೆಯ ಕಾಂಪೌಂಡರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಟವಲ್ಲು, ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆವು. ನಾವು ಅಳುತ್ತಿದ್ದೇವೆ ಎಂದು ಸುತ್ತಲಿನವರು ಅಂದುಕೊಂಡಿರಬೇಕು.

ಆ ಯಮ್ಮ ಮೃದುಭಾಷಿ ಆಗಿದ್ದರೆ ನಾನು ಜಿಲ್ಲಾಧಿಕಾರಿ.

ಒಂದೇ ಆಸ್ಪತ್ರೆಯಲ್ಲಿ ಅವಳ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಅವಳು ನರ್ಸು, ನಾನು ಆಯಾ. ಹೊಸದುರ್ಗಕ್ಕೂ ಹಿರಿಯೂರಿಗೂ ನಡುವೆ ಆರು ಮಂಚದ ಸಣ್ಣ ಆಸ್ಪತ್ರೆ. ಊರ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಬೇರೆ ಜನ ಇದ್ದಾರೆ, ಅವರ ಪಾಡಿಗೆ ಅವರಿರಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷ್ ಬಾರದು. ಗುಡಿಸುವುದು, ಒರೆಸುವುದು, ಹೆರಿಗೆಗೆ ಬಿಸಿನೀರು ಕಾಯಿಸುವುದು, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಜನರನ್ನು ಸಾಲಾಗಿ ಬಿಡುವುದು, ಇಷ್ಟು ನನ್ನ ಕೆಲಸ.

ಅವಳು ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ಬರುತ್ತಿದ್ದಳು. ಇಳಿಯುವಾಗಲೇ ಬಾಯಿ ನಡೆಯುತ್ತಿರುತ್ತಿತ್ತು. "ಏನಪ್ಪ, ನಿನ್ ಬಸ್ಸಿನ ಕಿಟಕಿ ಮುಚ್ಚಲ್ಲ, ನಿನ್ ಬಾಯಿ ತೆರೆಯಲ್ಲ, ಸ್ಟಾಪ್ ಬಂತು ಅಂತ ಹೇಳಾಕೆ ನಿಂಗೇನು ರೋಗ" ಎಂದು ಕಂಡಕ್ಟರನಿಗೆ ಕೊನೆಯ ಮಾತು ಹೇಳಿಯೇ ಕೆಳಗೆ ಕಾಲಿಡುತ್ತಿದ್ದಳು. ಕುಳ್ಳಗಿದ್ದಳು, ನಡಿಗೆ ಮಾತ್ರ ಜೋರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಆಸ್ಪತ್ರೆಯ ಬಿಳಿ ಪ್ಲಾಸ್ಟರು ಸುತ್ತಿಕೊಂಡಿದ್ದಳು. ಎರಡು ವರ್ಷ ಹಾಗೇ ಓಡಿಸಿದಳು. ಹೊಸದು ತಗೊಳಮ್ಮ ಎಂದರೆ, "ಮುರಿದಿರೋದು ಕಡ್ಡಿ, ಕಣ್ಣಲ್ಲ" ಎನ್ನುತ್ತಿದ್ದಳು. ಹನ್ನೊಂದು ಗಂಟೆಗೆ ಮಂಡಕ್ಕಿ ಮತ್ತು ಹಸಿಮೆಣಸಿನಕಾಯಿ ಆಗಬೇಕು. ಥರ್ಮಾಮೀಟರ್ ಇಡುವ ಡ್ರಾಯರಿನಲ್ಲೇ ಮೆಣಸಿನಕಾಯಿ ಇಡುತ್ತಿದ್ದಳು. ಅರ್ಧ ಅವಳಿಗೆ, ಅರ್ಧ ನನಗೆ. ಜ್ವರ ನೋಡಿಸಿಕೊಳ್ಳಲು ಬಂದ ಹುಡುಗಿಯೊಬ್ಬಳು ಬಾಯಿ ಖಾರ ಎಂದು ಅತ್ತ ಮೇಲೆ ಡ್ರಾಯರು ಬದಲಾಯಿತು.

ಬಾಯಿ ಎಂದೆನಲ್ಲ. ನಮ್ಮೂರಿನ ಒಬ್ಬ ಗಾರೆ ಕೆಲಸದವನು ತಿಂಗಳಿಗೊಮ್ಮೆ ಕುಡಿದು ಬಿದ್ದು ತಲೆಯೋ ಮೊಣಕಾಲೋ ಒಡೆದುಕೊಂಡು ಬರುತ್ತಿದ್ದ. ನರ್ಸಮ್ಮ ಬಾಗಿಲಲ್ಲೇ ಶುರು ಮಾಡುತ್ತಿದ್ದಳು. "ಬಾರಲೇ ಕುಡ್ಕ, ಇವತ್ತು ಯಾವ ಚರಂಡಿ ಅಳತೆ ತಗಂಡು ಬಂದೆ?" ಅವನೂ ಬಿಡುತ್ತಿರಲಿಲ್ಲ. "ನೀನ್ ಹಾಕೋ ಹೊಲಿಗೆ ಬಿಚ್ಕಂತಾವೆ ನರ್ಸಮ್ಮ, ಅದುಕ್ಕೇ ಮತ್ ಮತ್ ಬರ್ತೀನಿ" ಎನ್ನುತ್ತಿದ್ದ. ಸಾಲಿನಲ್ಲಿ ಕುಳಿತ ಜನರೆಲ್ಲ ನಗುತ್ತಿದ್ದರು.

ಆದರೆ ಚೀಟಿಯಲ್ಲಿ ಅವಳು ಕುಡುಕ ಎಂದು ಬರೆಯುತ್ತಿರಲಿಲ್ಲ. ಬಿದ್ದಿದ್ದಾನೆ, ಹಣೆಗೆ ಎರಡು ಇಂಚು ಗಾಯ, ಈ ದಿನ ಕುಡಿದಿದ್ದಾಗಿ ಅವನೇ ಹೇಳುತ್ತಾನೆ, ಅಷ್ಟೇ. ಒಂದು ದಿನ ಕೇಳಿಯೇ ಬಿಟ್ಟೆ.

"ಅಲ್ಲಮ್ಮ, ಊರಿಗೆಲ್ಲ ಕೇಳ್ಸಂಗೆ ಕುಡ್ಕ ಅಂತೀಯ. ಬರಿಯಾಕೆ ಮಾತ್ರ ಯಾಕೆ ಇಷ್ಟು ಮಡಿ?"

"ಬಾಯಾಗೆ ಅಂದ್ರೆ ಅವನು ನಂಗೆ ತಿರುಗಿಸಿ ಅಂತಾನೆ. ಅಂದ್ನೋ ಇಲ್ವೋ ಈಗ?"

"ಅಂದ."

"ಹಾಳೆಗೆ ಹೆಂಗಂತಾನೆ? ಅವನಿಗೆ ಅದು ಕಾಣಾದೇ ಇಲ್ಲ. ನಾನು ಮನೆಗೆ ಹೋಗಿರ್ತೀನಿ, ಡಾಕ್ಟ್ರು ಟ್ರಾನ್ಸ್‌ಫರ್ ಆಗಿ ಹೋಗಿರ್ತಾರೆ, ಅದು ಮಾತ್ರ ಇಲ್ಲೇ ಕುಂತು ಬಂದೋರಿಗೆಲ್ಲ ಅವನ್ನ ಬೈತಿರ್ತೈತೆ."

ಸುಮ್ಮನೆ ದೊಡ್ಡ ಮಾತು ಆಡುತ್ತಾಳೆ ಎಂದುಕೊಂಡೆ. ಅದೇ ಗಾರೆಯವನು ಒಂದು ಮಧ್ಯಾಹ್ನ ತೂರಾಡಿಕೊಂಡು ಬಂದ. ಮಾತು ತೊದಲುತ್ತಿತ್ತು. ನಾನು ಎಂದಿನಂತೆ ಮೂಲೆಯ ಬೆಂಚು ತೋರಿಸಿದೆ. ಅವತ್ತು ಬೇರೆ ಊರಿನಿಂದ ಬಂದಿದ್ದ ಡಾಕ್ಟರು ಹಳೆಯ ಚೀಟಿ ನೋಡಿದರು. ಅದರಲ್ಲಿ ಗಾಯಗಳ ಅಳತೆ, ಆ ದಿನಕ್ಕೆ ಅವನು ಹೇಳಿದ್ದು ಇತ್ತು, ಕುಡುಕ ಎಂದು ಎಲ್ಲೂ ಇರಲಿಲ್ಲ. ಹಾಗಾಗಿ ಅವನ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಇಳಿದುಹೋಗಿತ್ತು. ಕುಡಿದೇ ಇರಲಿಲ್ಲ. ಬೆಂಚಿನ ಮೇಲೆ ಇನ್ನೊಂದು ಗಂಟೆ ಬಿದ್ದಿದ್ದರೆ ಏಳುತ್ತಿರಲಿಲ್ಲವಂತೆ. ಮಾರನೇ ದಿನ ನರ್ಸಮ್ಮ ಮಂಡಕ್ಕಿಯಲ್ಲಿ ಮೆಣಸಿನಕಾಯಿ ಅರ್ಧದ ಬದಲು ಇಡೀ ನನ್ನ ಕಡೆ ತಳ್ಳಿದಳು.

ಅವಳದೊಂದು ಪದ್ಧತಿ ಇತ್ತು. ಬೇರೆ ಎಲ್ಲೂ ನಾನು ಕಂಡಿಲ್ಲ. ಕೇಸ್ ಶೀಟಿನಲ್ಲಿ ಏನು ಬರೆದಿದ್ದರೂ ಅದನ್ನು ಆ ರೋಗಿಯ ಎದುರಿಗೇ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ತಾನು ಬರೆದದ್ದನ್ನೂ ಸರಿ, ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನೂ ಸರಿ. "ನೋಡಮ್ಮ, ನಿನ್ನ ಬಗ್ಗೆ ಹಿಂಗ್ ಬರ್ದೈತೆ. ಹೌದೋ ಅಲ್ವೋ ಹೇಳು." ಜನರಿಗೆ ಮೊದಮೊದಲು ಕಕ್ಕಾಬಿಕ್ಕಿ. ಸರ್ಕಾರದ ಕಾಗದ ತಮ್ಮನ್ನು ಹೌದೋ ಅಲ್ಲವೋ ಎಂದು ಕೇಳುತ್ತದೆ ಎಂದರೆ ಯಾರಿಗೆ ಅಭ್ಯಾಸ ಇರುತ್ತದೆ.

ಇದರಲ್ಲಿ ಎಡವಟ್ಟೂ ಆಗುತ್ತಿತ್ತು. ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಊರಿನ ದೊಡ್ಡ ತೋಟದವರ ಹೆಂಡತಿ ಮಂಡಿನೋವೆಂದು ಬಂದಾಗ, ಇಪ್ಪತ್ತು ಜನ ಕುಳಿತಿರುವ ವರಾಂಡದಲ್ಲಿ, "ತೂಕ ತೊಂಬತ್ತೊಂದು ಕೇಜಿ, ಹೌದೋ ಅಲ್ವೋ" ಎಂದು ಓದಿದಳು. ಆ ಹೆಂಗಸು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದವಳು ಒಂದು ವರ್ಷ ಇತ್ತ ತಲೆ ಹಾಕಲಿಲ್ಲ. "ಇರಾದನ್ನೇ ಅಲ್ವ ಓದಿದ್ದು" ಎಂದು ನರ್ಸಮ್ಮ. "ಇರಾದನ್ನ ಒಳಗ್ ಕರ್ದು ಓದು. ತೂಕ ಅವಳದು, ಊರಿಂದಲ್ಲ" ಎಂದೆ. ಅವತ್ತಿನಿಂದ ಇಂಜೆಕ್ಷನ್ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ ಓದಲು ಶುರು ಮಾಡಿದಳು. ಬಾಗಿಲು ಮುಂದೆ ಮಾಡಿದರೂ ವರಾಂಡಕ್ಕೆ ಕೇಳಿಸುತ್ತಿತ್ತು, ಅದು ಬೇರೆ ಮಾತು.

ಇನ್ನೊಂದು ಸಲ ಗುಡ್ಡದ ಕಡೆಯ ಹಟ್ಟಿಯಿಂದ ಒಬ್ಬ ಮುದುಕಿಯನ್ನು ತಂದು ಮಲಗಿಸಿದ್ದರು. ಅವಳ ಕೇಸ್ ಶೀಟಿನಲ್ಲಿ ಮಂದಬುದ್ಧಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವುದಿಲ್ಲ ಎಂದು ಯಾರೋ ಬರೆದಿದ್ದರು. ನರ್ಸಮ್ಮ ಅದನ್ನು ಓದಿ ಹೇಳಿದಳು. ಮುದುಕಿ "ಹೂಂ, ಊಟ ಆತು" ಎಂದಳು. ನರ್ಸಮ್ಮ ಕಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿದಳು. ಎರಡು ದಿನ ಎಣ್ಣೆ ಬಿಟ್ಟು, ಮೂರನೇ ದಿನ ಡಾಕ್ಟರ ಕೈಯಲ್ಲಿ ಅವಳ ಕಿವಿಯಿಂದ ಹುಣಸೆ ಬೀಜದಷ್ಟು ಗುಗ್ಗೆ ತೆಗೆಸಿದಳು. ಆಮೇಲೆ ಮತ್ತೊಮ್ಮೆ ಓದಿದಳು. ಮುದುಕಿಗೆ ಈಗ ಕೇಳಿಸಿತು. "ಯಾವನ್ಲೇ ಬರ್ದೋನು ನಂಗೆ ಬುದ್ಧಿ ಇಲ್ಲ ಅಂತ" ಎಂದು ಶುರು ಮಾಡಿದವಳು ಡಿಸ್ಚಾರ್ಜ್ ಆಗುವ ತನಕ ನಿಲ್ಲಿಸಲಿಲ್ಲ. ಆ ಮುದುಕಿಯ ಬುದ್ಧಿ ನಮ್ಮ ಆರು ಮಂಚಕ್ಕೂ ಸಾಕಾಗಿ ಮಿಗುವಷ್ಟಿತ್ತು.

ಇಷ್ಟೆಲ್ಲ ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಈಗ ತಿಪ್ಪಣ್ಣನ ವಿಷಯ ಹೇಳಬೇಕು.

ನಮ್ಮಲ್ಲಿಗೆ ಒಬ್ಬ ಹುಡುಗ ಡಾಕ್ಟರು ಬಂದಿದ್ದರು. ಬೆಂಗಳೂರಿನವರು. ಒಳ್ಳೆಯವರೇ, ಊಟ ಬಿಟ್ಟು ರೋಗಿಗಳನ್ನು ನೋಡುತ್ತಿದ್ದರು. ನಮ್ಮ ಕಡೆಯ ಮಾತು ಅವರಿಗೆ ಪೂರ್ತಿ ಹತ್ತುತ್ತಿರಲಿಲ್ಲ. ಹಟ್ಟಿಯವರು ಮಾತಾಡಿದರೆ ಅವರು ನನ್ನ ಕಡೆ ತಿರುಗಿ, "ಈರಮ್ಮ, ಇವರದೇನು ಕಥೆ?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಡಾಕ್ಟರು ಕೇಳುತ್ತಾರೆ, ನಾನು ಹೇಳುತ್ತೇನೆ ಎಂದರೆ ಹಿಗ್ಗು ಯಾರಿಗೆ ಆಗುವುದಿಲ್ಲ. ಇವಳು ಸೊಸೆ ಜೊತೆ ಜಗಳ ಆಡಿಕೊಂಡು ಬಂದಿದ್ದಾಳೆ ಸಾರ್, ಇವನು ಸೋಂಬೇರಿ ಸಾರ್. ಅವರು ತಲೆ ಬಗ್ಗಿಸಿಕೊಂಡು ಬರೆಯುತ್ತಿದ್ದರು. ಬರೆಯುತ್ತಿರುವುದು ಔಷಧಿಯ ಹೆಸರು ಎಂದುಕೊಂಡಿದ್ದೆ.

ತಿಪ್ಪಣ್ಣ ಕುರಿಯವನು. ನಾನೂ ಕುರಿಯವರ ಮನೆಯಲ್ಲೇ ಹುಟ್ಟಿದವಳು, ಅದಕ್ಕೇ ಅವರನ್ನು ಅನ್ನುವ ಹಕ್ಕು ಇದೆ ಎಂದು ತಿಳಿದಿದ್ದೆ. ಅವನಿಗೆ ಟಿ.ಬಿ. ಬಂತು. ಆರು ತಿಂಗಳು ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು. ಎರಡು ತಿಂಗಳು ಬಂದ, ಗುಳಿಗೆ ಒಯ್ದು ನುಂಗಿದ. ಆಮೇಲೆ ಕಾಣಲಿಲ್ಲ. ದೀಪಾವಳಿ ಕಳೆದಿತ್ತು. ನಮ್ಮ ಕಡೆಯ ಕುರಿಯವರು ಆಗ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಚನ್ನಗಿರಿಯ ಗದ್ದೆಗಳ ಕಡೆ ಹೋಗುತ್ತಾರೆ. ಕೊಯ್ದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ತಿರುಗಿ ಬರುವುದು ಮುಂಗಾರಿಗೇ.

ಹುಡುಗ ಡಾಕ್ಟರು ಕಾರ್ಡು ಹಿಡಿದು ಕೇಳಿದರು. "ಈರಮ್ಮ, ಈ ತಿಪ್ಪಣ್ಣ ಎಲ್ಲಿ?"

"ಓಡಿಹೋಗಿರ್ತಾನೆ ಸಾರ್. ನಮ್ ಕುರಿಯೋರೇ ಹಂಗೆ. ಒಂದ್ ಮಾತು ಕೇಳಲ್ಲ. ಕುರಿ ಮ್ಯಾಲಿರೋ ಆಸೆ ಜೀವದ ಮ್ಯಾಲಿಲ್ಲ."

ಅವರು ತಲೆ ಬಗ್ಗಿಸಿ ಬರೆದರು. ನಾನು ಪೊರಕೆ ತೆಗೆದುಕೊಂಡು ಹೋದೆ. ನರ್ಸಮ್ಮ ಆಗ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಎರಡು ತಿಂಗಳು ರಜದಲ್ಲಿದ್ದಳು.

ವರ್ಷ ತಿರುಗಿತು. ಹುಡುಗ ಡಾಕ್ಟರು ಓದಲು ಹೋದರು, ಅವರ ಜಾಗಕ್ಕೆ ಲೇಡಿ ಡಾಕ್ಟರು ಬಂದರು. ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು. ಮತ್ತೆ ದೀಪಾವಳಿ ಹತ್ತಿರ ಇರುವಾಗ ತಿಪ್ಪಣ್ಣ ಬಂದ. ಗುರುತು ಹತ್ತಲಿಲ್ಲ. ಕಂಬಳಿ ಅವನನ್ನು ಹೊದ್ದುಕೊಂಡು ಬಂದಂತಿತ್ತು. ಕೆಮ್ಮಿದರೆ ಟವಲ್ಲಿನಲ್ಲಿ ಕೆಂಪು. ಕಫ ಪರೀಕ್ಷೆಗೆ ಕಳಿಸಿದರು. ಟಿ.ಬಿ. ಮತ್ತೆ ಎದ್ದಿದೆ, ಹಳೆಯ ಗುಳಿಗೆಗೇ ಬಗ್ಗುತ್ತದೆ, ಆದರೆ ಈ ಸಲ ಪೂರ್ತಿ ಆರು ತಿಂಗಳು ತಪ್ಪದೆ ನುಂಗಬೇಕು, ಅರ್ಧಕ್ಕೆ ಬಿಟ್ಟರೆ ಮುಂದೆ ಯಾವ ಗುಳಿಗೆಯೂ ಹಿಡಿಯುವುದಿಲ್ಲ ಎಂದು ವರದಿ ನೋಡಿ ಹೇಳಿದರು. ಇದಿಷ್ಟೂ ಅವನಿಗೆ ಅರ್ಥವಾಯಿತು. ಸಾಯುವ ಆಸೆ ಅವನಿಗೇನೂ ಇರಲಿಲ್ಲ.

"ಗುಳಿಗೆ ಕೊಡ್ರಿ ಮೇಡಮ್ಮಾರೆ, ನುಂಗ್ತೀನಿ. ಇನ್ನೊಂದು ಹದಿನೈದು ಇಪ್ಪತ್ತು ದಿನಕ್ಕೆ ಮಂದೆ ಹೊಂಡ್ತೈತೆ. ತಿಂಗ್ಳು ತಿಂಗ್ಳಿಂದು ಕಟ್ಟಿ ಕೊಟ್ಬಿಟ್ರೆ ತಗಂಡೋಗ್ತೀನಿ."

ಲೇಡಿ ಡಾಕ್ಟರು ಹಳೆಯ ಕಾರ್ಡು ತಿರುವಿ ಹಾಕಿದರು. ಮುಖ ಗಟ್ಟಿಯಾಯಿತು. "ನಿಮ್ಮ ಕೈಗೆ ಔಷಧಿ ಕೊಡೋಕಾಗಲ್ಲ. ನೀವು ದಿನಾ ಇಲ್ಲಿ ಬಂದು ನಮ್ಮ ಮುಂದೆ ನುಂಗಬೇಕು. ಆರು ತಿಂಗಳು. ಇಲ್ಲ ಅಂದರೆ ಚಿತ್ರದುರ್ಗಕ್ಕೆ ಹೋಗಿ ಅಡ್ಮಿಟ್ ಆಗಿ."

"ದಿನಾ ಹೆಂಗ್ ಬರ್ಲಿ? ನಾನು ಚನ್ನಗಿರಿ ತಾವ ಇರ್ತೀನಿ."

"ಅದು ನಿಮಗೆ ಬಿಟ್ಟಿದ್ದು."

ತಿಪ್ಪಣ್ಣ ಕೋಲು ಊರಿ ಎದ್ದ. ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ಬಾಗಿಲಿನ ತನಕ ಬಂದ. ಹೊರಗೆ ಹೋಗಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಿತ್ತು. ನರ್ಸಮ್ಮ ಇಂಜೆಕ್ಷನ್ ಕೋಣೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗ್ಲೇ ಹೊಂಟೆ? ಕುಂತ್ಕ. ನಿನ್ನ ಬಗ್ಗೆ ಬರ್ದಿರಾದು ಇನ್ನೂ ಓದಿ ಹೇಳಿಲ್ಲ."

"ಓದ್ಕಂಡು ನಾನೇನ್ ಮಾಡ್ಲಿ ನರ್ಸಮ್ಮ."

"ಕುಂತ್ಕ ಅಂದೆ."

ಕುಳಿತ. ಲೇಡಿ ಡಾಕ್ಟರಿಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ, ಆದರೂ ಕಾರ್ಡು ಕೊಟ್ಟರು. ನರ್ಸಮ್ಮ ಪ್ಲಾಸ್ಟರಿನ ಕನ್ನಡಕ ಮೂಗಿಗೆ ಒತ್ತಿಕೊಂಡು ಓದಿದಳು. "ರೋಗಿ ಔಷಧಿ ಬಿಟ್ಟು ಓಡಿಹೋಗಿದ್ದಾನೆ. ಹೇಳಿದ ಮಾತು ಕೇಳುವವನಲ್ಲ. ಪ್ರಾಣದ ಮೇಲೆ ಕಾಳಜಿ ಇಲ್ಲ. ಕುರಿಯವರಲ್ಲಿ ಇದು ಸಾಮಾನ್ಯ." ಓದಿ ಕಾರ್ಡಿನ ಮೇಲಿಂದ ಅವನನ್ನು ನೋಡಿದಳು. "ಹೌದೋ ಅಲ್ವೋ?"

ನಾನು ಕೈಯಲ್ಲಿದ್ದ ಫಿನಾಯಿಲ್ ಬಕೆಟ್ಟು ಕೆಳಗಿಟ್ಟೆ. ಆ ಮಾತು ಯಾರ ಬಾಯಿಯದು ಎಂದು ಗುರುತು ಹಿಡಿಯಲು ನಾಲ್ಕನೇ ಕ್ಲಾಸು ಸಾಕು.

ತಿಪ್ಪಣ್ಣ ಹೇಳಿದ. "ನಾನೆಲ್ಲಿ ಓಡ್ಹೋಗಿದ್ದೆ? ಮಂದೆ ತಾವ ಇದ್ದೆ. ಗುಳಿಗೆ ತೀರ್ತು ಅಂತ ನನ್ ಹೆಂಡ್ರು ಎಲ್ಡ್ ಸರ್ತಿ ಇಲ್ಲಿಗ್ ಬಂದಿದ್ಲಲ್ಲ. ಕೊಡಲ್ಲ ಅಂದ್ರಂತೆ."

"ಯಾರಂದ್ರು?"

ಅವನು ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸ್ಟೂಲಿನ ಕಡೆ ನೋಡಿದ.

ನನಗೆ ಆಗ ನೆನಪಾಯಿತು. ಹಸಿರು ಸೀರೆಯ ಹೆಂಗಸು, ಕಂಕುಳಲ್ಲಿ ಬುತ್ತಿ. ಯಜಮಾನರು ಗದ್ದೆ ಕಡೆ ಹೋಗ್ಯಾರೆ, ಗುಳಿಗೆ ಕೊಡ್ರಿ, ಹೋಗೋರ ಕೈಯಾಗೆ ಕಳುಸ್ತೀನಿ ಎಂದಿದ್ದಳು. ಕಾಯಿಲೆ ನಿಂದಾ ಅವನದಾ, ಅವನನ್ನೇ ಕಳ್ಸು ಹೋಗು ಎಂದು ಬಾಗಿಲಿಂದಲೇ ಅಟ್ಟಿದ್ದೆ. ಮತ್ತೆ ಬಂದಾಗಲೂ ಅಷ್ಟೇ. ಒಳಗೆ ಡಾಕ್ಟರಿಗೆ ಒಂದು ಮಾತು ಹೇಳಿರಲಿಲ್ಲ. ಅದಾಗಿ ಕೆಲವು ದಿನಕ್ಕೆ ಡಾಕ್ಟರು ಕೇಳಿದಾಗ ಓಡಿಹೋದ ಎಂದಿದ್ದೆ. ಎರಡನ್ನೂ ಜೋಡಿಸಿ ನೋಡುವ ಗೋಜಿಗೇ ನಾನು ಹೋಗಿರಲಿಲ್ಲ.

"ನಾನೇ" ಎಂದೆ. "ಬಂದಿದ್ಲು. ನಾನೇ ವಾಪಸ್ ಕಳ್ಸಿದ್ದು."

ಆಮೇಲೆ ನರ್ಸಮ್ಮ ನನಗೆ ಬೈದದ್ದನ್ನು ಬರೆದರೆ ಹಾಳೆ ಸಾಲುವುದಿಲ್ಲ. ಸಾಲಿನಲ್ಲಿದ್ದವರು ಒಳಗೆ ಬಗ್ಗಿ ನೋಡಿದರು. ಕಾಂಪೌಂಡರ್ ಔಷಧಿ ಕೊಡುವುದು ಬಿಟ್ಟು ಬಂದು ನಿಂತ. "ಬಾಗಿಲು ಕಾಯಾಕೆ ಕುಂದ್ರಿಸಿದ್ರೆ ಯಮನ ಕೆಲ್ಸ ಮಾಡ್ತೀಯಲ್ಲೇ" ಎಂದಳು. ಇನ್ನೂ ಏನೇನೋ. ಬೈದು ಸಾಕಾಗಿ ನೀರು ಕುಡಿದು ಲೇಡಿ ಡಾಕ್ಟರ ಕಡೆ ತಿರುಗಿದಳು.

"ಮೇಡಂ, ಇವನು ಓಡಿಹೋಗಿಲ್ಲ. ಔಷಧಿ ಕೇಳಿದಾನೆ, ನಾವು ಕೊಟ್ಟಿಲ್ಲ."

ಲೇಡಿ ಡಾಕ್ಟರು ಕಾರ್ಡನ್ನು ಮತ್ತೆ ನೋಡಿದರು. "ಬರೆದಿರೋದನ್ನ ಹೊಡೆದು ಹಾಕೋ ಹಾಗಿಲ್ಲ ಸಿಸ್ಟರ್."

"ಹೊಡಿಯಾದು ಬ್ಯಾಡ. ಕೆಳಗೆ ಬರ್ಯಾಣ. ಜಾಗ ಐತೆ."

"ಬರೆದರೆ ಮೇಲಿನವರು ನೋಡ್ತಾರೆ. ಆಯಾಗೆ ತೊಂದರೆ ಆಗುತ್ತೆ."

"ಸುಳ್ಳಾಗಿದ್ರೆ ಬ್ಯಾಡ ಮೇಡಂ."

ಅವರು ಪೆನ್ನು ಅವಳ ಕಡೆ ತಳ್ಳಿದರು. ನರ್ಸಮ್ಮ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಳು. ಬರೆದು, ನನಗೆ ಓದಿ ಹೇಳಲು ಬಾಯಿ ತೆರೆದಳು. ನನಗೆ ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೆ ಏರಿತ್ತು. ನನ್ನ ಕೆಲಸಕ್ಕೆ ಕಲ್ಲು ಹಾಕಿದಳು ಎಂದು. "ಓದಾದು ಬ್ಯಾಡ. ಎಲ್ಲಿ ಸೈನು ಹಾಕ್ಬೇಕು ತೋರ್ಸು" ಎಂದೆ. ತೋರಿಸಿದಳು. ಹಾಕಿದೆ. ಅಕ್ಷರ ಕೂಡಿಸಿ ನನ್ನ ಹೆಸರು ಬರೆಯಲು ಹೊತ್ತು ಹಿಡಿಯುತ್ತದೆ.

ಆಮೇಲೆ ಅವಳು ತಿಪ್ಪಣ್ಣನನ್ನು ಕೇಳಿದಳು. "ಮಂದೆ ಯಾವ್ ತಿಂಗ್ಳು ಎಲ್ಲಿರ್ತೈತೆ, ಹೇಳ್ತಾ ಹೋಗು."

ಕುರಿಯವರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವನ ಮುಖವೇ ಬೇರೆಯಾಯಿತು. ಇಲ್ಲಿಂದ ಹೊರಟು ಹೊಳಲ್ಕೆರೆ ಕೆರೆ ಹಿಂದೆ ಎಂಟು ದಿನ, ಅಲ್ಲಿಂದ ಚನ್ನಗಿರಿ ದಾರಿಯಲ್ಲಿ ಯಾರ ಅಡಿಕೆ ತೋಟದ ಬೇಲಿ ಪಕ್ಕ, ಸಂಕ್ರಾಂತಿಗೆ ಯಾವ ಗದ್ದೆ, ಶಿವರಾತ್ರಿಗೆ ಯಾವ ಕಾಲುವೆ ಏರಿ, ಎಲ್ಲ ಹೇಳಿದ. ಬಸ್ಸಿನ ಟೈಮ್ ಟೇಬಲ್ಲಿಗಿಂತ ಸರಿಯಾಗಿತ್ತು. ಅವಳು ಅದನ್ನಷ್ಟೂ ಕಾರ್ಡಿನ ಮೇಲೆ ಬರೆದುಕೊಂಡಳು. ಆ ದಾರಿಯ ಆಸ್ಪತ್ರೆಗಳಲ್ಲಿ ಅವಳ ಜೊತೆ ಟ್ರೈನಿಂಗ್ ಮಾಡಿದವರು, ಬಸ್ಸಿನಲ್ಲಿ ಸೀಟಿಗೆ ಜಗಳ ಆಡಿ ಗೆಳತಿಯರಾದವರು ಇದ್ದರು. ಅಲ್ಲೇ ಕುಳಿತು ಒಬ್ಬೊಬ್ಬರಿಗೂ ಫೋನು ಹಚ್ಚಿದಳು. "ಹೊಳಲ್ಕೆರೆಯೋಳೇ, ಬದುಕಿದೀಯಾ? ನಮ್ ಕಡೆ ಕುರಿಯೋನೊಬ್ಬ ಬರ್ತಾನೆ, ತಿಂಗ್ಳಿಂದು ಗುಳಿಗೆ ಕೊಡ್ಬೇಕು. ಕಾಯ್ಸಬ್ಯಾಡ, ಕುರಿ ಕಾಯಲ್ಲ."

ಲೇಡಿ ಡಾಕ್ಟರು ಎಲ್ಲ ಕೇಳಿಸಿಕೊಂಡರು. ಮೊದಲ ಹದಿನೈದು ದಿನ ಊರಲ್ಲೇ ಇದ್ದು ನಮ್ಮ ಎದುರಿಗೆ ನುಂಗಬೇಕು, ಕೆಮ್ಮುವಾಗ ಬಾಯಿಗೆ ಬಟ್ಟೆ ಕಟ್ಟಬೇಕು, ಮನೆಯವರಿಗೂ ಪರೀಕ್ಷೆ ಆಗಬೇಕು, ಆಮೇಲೆ ಕಟ್ಟಿಕೊಂಡು ಹೋಗಬಹುದು ಎಂದರು. ತಿಪ್ಪಣ್ಣ ಆಗಲಿ ಎಂದ.

"ಈರಕ್ಕ ವಾರ ವಾರ ಫೋನ್ ಮಾಡ್ತಾಳೆ, ನುಂಗಿದ್ಯೋ ಇಲ್ವೋ ಅಂತ" ಎಂದು ನರ್ಸಮ್ಮ ನನ್ನನ್ನು ಕೇಳದೇ ಹೇಳಿದಳು.

ಮಾಡಿದೆ. ಪ್ರತಿ ಸೋಮವಾರ. ಆ ಕಡೆಯಿಂದ ಕುರಿಗಳ ಗದ್ದಲ, ನಾಯಿ ಬೊಗಳುವುದು, ಅದರ ಮೇಲೆ ಅವನ ಕೂಗು.

"ನುಂಗಿದ್ಯೇನೋ?"

"ನುಂಗಿದೀನಿ. ನೀನು ಅನ್ನ ನುಂಗು ಹೋಗು."

"ಗುಳಿಗೆ ಬಿಚ್ಚಿದ ಖಾಲಿ ಚೀಟು ಇಟ್ಕಂಡಿದ್ಯಾ, ಎಣಿಸಿ ತೋರ್ಸಬೇಕು."

"ಇಟ್ಕಂಡಿದೀನಿ ಕಣಕ್ಕ. ಹಾರ ಮಾಡಿ ಹಾಕ್ತೀನಿ ನಿನ್ ಕೊರಳಿಗೆ."

ಒಮ್ಮೊಮ್ಮೆ ಫೋನು ಅವನ ಹೆಂಡತಿಯ ಕೈಗೆ ಹೋಗುತ್ತಿತ್ತು. ಅವಳು ಬೈಯುತ್ತಿರಲಿಲ್ಲ. ನಾನು ಯಾರು ಎಂದು ಗೊತ್ತಾದ ತಕ್ಷಣ ಫೋನು ಇಟ್ಟುಬಿಡುತ್ತಿದ್ದಳು. ಅದಕ್ಕಿಂತ ಅವನ ಬೈಗುಳವೇ ವಾಸಿ.

ಆ ಆರು ತಿಂಗಳು ನಾನು ನರ್ಸಮ್ಮನ ಜೊತೆ ಮಂಡಕ್ಕಿ ತಿನ್ನಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೇಲಿನವರು ಬಂದು ಕಡತ ತೆಗೆದಾಗಲೆಲ್ಲ ನಾನು ಪೊರಕೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಬೇಜವಾಬ್ದಾರಿ ಆಯಾ ಎಂದೋ, ದುರಹಂಕಾರಿ ಎಂದೋ ಬರೆದಿರುತ್ತಾಳೆ, ಇಂಗ್ಲಿಷಿನಲ್ಲಿ ಅದಕ್ಕೆ ಇನ್ನೂ ಕೆಟ್ಟ ಮಾತು ಇರುತ್ತದೆ ಎಂದುಕೊಂಡಿದ್ದೆ. ಅವಳು ದಿನಾ ಅರ್ಧ ಮೆಣಸಿನಕಾಯಿ ತಟ್ಟೆಯ ಅಂಚಿನಲ್ಲಿ ಬಿಟ್ಟು ಏಳುತ್ತಿದ್ದಳು. ನಾನು ದಿನಾ ಅದನ್ನು ಕಸಕ್ಕೆ ಹಾಕುತ್ತಿದ್ದೆ. ಇಬ್ಬರಿಗೂ ವಯಸ್ಸಾಗಿತ್ತು, ಬುದ್ಧಿ ಮಾತ್ರ ಅಷ್ಟೇ.

ಮುಂಗಾರಿನ ಮೊದಲ ಹದಮಳೆ ಆದ ಮೇಲೆ ತಿಪ್ಪಣ್ಣ ಬಂದ. ಜೊತೆಗೆ ಹೆಂಡತಿ. ಅವನ ಕೆನ್ನೆ ತುಂಬಿತ್ತು, ಕಂಬಳಿ ಹೆಗಲಿಗೆ ಏರಿತ್ತು. ಖಾಲಿ ಚೀಟುಗಳನ್ನು ಒಂದು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದ. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿತ್ತು. ಲೇಡಿ ಡಾಕ್ಟರು ಕಾರ್ಡಿನಲ್ಲಿ ಬರೆದರು, ಬರೆದು ಎದ್ದು ನಿಂತು ಅವನಿಗೆ ಕೈ ಮುಗಿದರು. ಅವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

"ಇಡೀ ಕಾರ್ಡು ಓದ್ ಹೇಳು ನರ್ಸಮ್ಮ, ಮೊದ್ಲಿಂದ" ಎಂದು ಹೆಂಡತಿಯ ಕಡೆ ಕೈ ತೋರಿಸಿದ. "ಇವ್ಳೂ ಕೇಳ್ಲಿ."

ನರ್ಸಮ್ಮ ಓದಿದಳು. ಓಡಿಹೋಗಿದ್ದಾನೆ ಎನ್ನುವುದನ್ನೂ ಬಿಡದೆ ಓದಿದಳು. ಅದರ ಕೆಳಗಿನ ತನ್ನ ನಾಲ್ಕು ಸಾಲಿಗೆ ಬಂದಳು. ನಾನು ಬಾಗಿಲ ಹತ್ತಿರ ಒರೆಸುವ ಬಟ್ಟೆ ಹಿಂಡುತ್ತಾ ನಿಂತಿದ್ದೆ.

"ಮೇಲೆ ಬರೆದದ್ದು ಸರಿಯಲ್ಲ. ರೋಗಿಯ ಹೆಂಡತಿ ಔಷಧಿಗಾಗಿ ಎರಡು ಸಲ ಬಂದಿದ್ದಾರೆ. ಆಯಾ ಅವರನ್ನು ವಾಪಸ್ ಕಳಿಸಿದ್ದಾರೆ. ರೋಗಿಯ ಪರವಾಗಿ ಮನೆಯವರು ಔಷಧಿ ಒಯ್ಯಬಹುದು ಎನ್ನುವುದನ್ನು ಆಯಾಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾದವಳು ನಾನು. ರಜಕ್ಕೆ ಹೋಗುವಾಗ ತಿಳಿಸದೆ ಹೋದೆ." ಕೆಳಗೆ ಅವಳ ಸೈನು, ಅದರ ಪಕ್ಕ ನನ್ನದು.

ನರ್ಸಮ್ಮ ನನ್ನ ಕಡೆ ನೋಡಲಿಲ್ಲ, ಮುಂದಿನ ಸಾಲಿಗೆ ಹೊರಟಿದ್ದಳು. ತಡೆದದ್ದು ತಿಪ್ಪಣ್ಣನ ಹೆಂಡತಿ. ಆರು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

"ಹಂಗಾರೆ ನಿಂಗೂ ಗೊತ್ತಿರ್ಲಿಲ್ಲೇನಕ್ಕ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳೂ ಅದಕ್ಕೆ ತಯಾರಾಗಿಯೇ ಕೇಳಿದ್ದಳು.

"ಗುಳಿಗೆ ನಿನ್ ಕೈಗೆ ಕೊಡಬೌದು ಅಂತ ಗೊತ್ತಿರ್ಲಿಲ್ಲ ನಿಜ" ಎಂದೆ. "ನೀನು ಎಲ್ಡ್ ಸರ್ತಿ ಬಂದಿದ್ದೆ ಅನ್ನಾದು ಗೊತ್ತಿತ್ತು. ಗೊತ್ತಿದ್ದೂ ನಿನ್ ಗಂಡ ಓಡಿಹೋದ ಅಂದಿದ್ದು ನಾನೇ. ಅದುನ್ನ ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ."

ನರ್ಸಮ್ಮ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದಳು. "ಅದು ಇದರಾಗಿಲ್ಲ. ಬರ್ಕಳ್ಳಾ?"

"ಬರ್ಕಳಮ್ಮ."

ಬರೆದಳು. ಈ ಸಲ ಕನ್ನಡದಲ್ಲಿ ಬರೆದಳು. ಕಾರ್ಡನ್ನು ನನ್ನ ಕಡೆ ತಿರುಗಿಸಿದಳು. ನಾನು ಒಂದೊಂದೇ ಅಕ್ಷರ ಕೂಡಿಸಿ, ಅವರಿಬ್ಬರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಸರಿಯಾಗಿತ್ತು. ಸೈನು ಹಾಕಿದೆ.